ಹಲಗಿ ಮೊದಲು, ಕೈ ಆಮೇಲೆ

ಭಾಲ್ಕಿ
೩೦ ಜೂನ್ ೧೯೫೭

ಶಿವಕಾಂತಾ,

ನಿನಗೂ ನಿನ್ನ ಅವ್ವ ಗುಂಡಮ್ಮನಿಗೂ ಆಶೀರ್ವಾದ. ಆಶೀರ್ವಾದ ಮುಗಿಯಿತು. ಈಗ ಬೈಯುತ್ತೇನೆ, ಕೂತು ಓದು.

ನಿನ್ನೆ ಔರಾದ ಬಸ್ಸಿನ ಕಂಡಕ್ಟರ್ ಲಾಲ ಅಹ್ಮದ ನಮ್ಮ ಕುಸ್ತಿ ತಾಲೀಮಿನ ಕಟ್ಟೆಗೆ ಬಂದು ಕೂತ. ಕೂತವನೇ ನಗಲು ಶುರು ಮಾಡಿದ.

"ಉಸ್ತಾದ, ನಿಮ್ಮ ತಂಗಿ ಮಗಳು ಸಾಲ್ಯಾಗ ಹುಡುಗ್ರಿಗಿ ಹುತುತು ಬರಸ್ಲತ್ತಾಳ್ರಿ."

"ಆಡಸ್ಲತ್ತಾಳ ಅನ್ನು."

"ಇಲ್ರಿ, ಬರಸ್ಲತ್ತಾಳ. ಯಾರು ಯಾರ ಕಾಲು ಹಿಡದ್ರು, ಯಾರು ಉಸುರು ಬಿಟ್ರು, ಎಲ್ಲಾ ಕಾಗದದ ಮ್ಯಾಲ ಬರದು ಗ್ವಾಡಿಗಿ ಹಚ್ಯಾರ. ಬಸ್ಸು ಅಲ್ಲೇ ನಿಂದರ್ತದ, ನಾ ಪ್ಯಾಸೆಂಜರಿಗಿ ಓದಿ ಹೇಳ್ತೇನಿ."

ನಾನು ದಂಗಾಗಿ ಕೂತೆ. ಐವತ್ತು ವರ್ಷ ಮಣ್ಣಿನಲ್ಲಿ ಹೊರಳಿದವನು ನಾನು. ಆಟ ಆಡುವುದು ಗೊತ್ತು, ಆಡಿಸುವುದು ಗೊತ್ತು. ಹುತುತು ಎನ್ನಲಿ, ಕಬಡ್ಡಿ ಎನ್ನಲಿ, ಆಟ ಬರೆಯುವುದೆಂದರೆ ಏನು? ಉಂಡ ಊಟವನ್ನು ಬರೆದು ಗೋಡೆಗೆ ಹಚ್ಚುತ್ತಾರೇನು?

ನಾನು ಮೂರನೆಯ ತರಗತಿಗೆ ಸಾಲಿ ಬಿಟ್ಟವನು. ಉರ್ದು ಮಾಸ್ತರ ಬೆತ್ತ ಎತ್ತಿದ, ನಾನು ಅದನ್ನು ಕಸಿದು ಎರಡು ತುಂಡು ಮಾಡಿ ಅವನ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಕನ್ನಡದ ನಾಲ್ಕು ಅಕ್ಷರ ಆಮೇಲೆ ಮಠದ ಹಿಂದಿನ ಕೋಣೆಯಲ್ಲಿ ಕಲಿತದ್ದು. ನಿನ್ನ ಅಪ್ಪ ಸತ್ತಾಗ ನಿನಗೆ ಆರು ವರ್ಷ. ಹೆಣ್ಣುಹುಡುಗಿಗೆ ಓದಿಸಿ ಏನು ಮಾಡುತ್ತೀ ಪೈಲ್ವಾನ ಎಂದು ಕೇಳಿದವರ ಕೊರಳಪಟ್ಟಿ ಹಿಡಿದವನು ನಾನು. ನೀನು ಹುತುತು ಬರೆಸಲೆಂದು ಹಿಡಿದೆನೇನು?

ಹೋದ ನವೆಂಬರಿನಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕನ್ನಡದ ಪುಸ್ತಕಗಳು ಬಂದಿವೆ. ಅದರಲ್ಲಿ ಇದ್ದದ್ದನ್ನು ಕಲಿಸು. ಗೋಡೆ ತೊಳೆ.

ಇನ್ನೊಂದು ಮಾತು. ನಿನ್ನ ಅಕ್ಷರ ಸಾಸಿವೆ ಚೆಲ್ಲಿದ ಹಾಗಿರುತ್ತವೆ. ಕಾಗದ ಉಳಿಸಬೇಡ. ದೊಡ್ಡದಾಗಿ ಬರೆ.

ನಿನ್ನ ಮಾವ,
ಹಾವಗೆಪ್ಪ


ಔರಾದ
೮ ಜುಲೈ ೧೯೫೭

ಮಾವನವರಿಗೆ ಶಿವಕಾಂತಾಳ ಶರಣು.

ಅಕ್ಷರ ದೊಡ್ಡದು ಮಾಡಿದ್ದೇನೆ. ಬೈಗುಳವನ್ನು ಅವ್ವನಿಗೂ ಓದಿ ಹೇಳಿದೆ. "ಅಣ್ಣ ಆರಾಮ ಇದ್ದಾನ ಅಂತಾಯ್ತು" ಎಂದಳು.

ಪುಸ್ತಕದ ಮೊದಲ ಪ್ರಬಂಧ 'ನಮ್ಮ ರಾಜಧಾನಿ'. ಏಳನೆಯ ತರಗತಿಗೆ ಬರೆಯಲು ಕೊಟ್ಟೆ. ಮೂವತ್ತೊಂದು ಮಕ್ಕಳಲ್ಲಿ ಒಬ್ಬರೂ ಬೆಂಗಳೂರು ನೋಡಿಲ್ಲ. ನಾನೂ ನೋಡಿಲ್ಲ. 'ನಮ್ಮ ರಾಜಧಾನಿ ಬಹಳ ಸುಂದರವಾಗಿದೆ' ಎಂದು ಮೂವತ್ತೊಂದು ಜನ ಬರೆದರು. ಎರಡನೆಯ ಸಾಲು ಯಾರಿಗೂ ಹುಟ್ಟಲಿಲ್ಲ. ಐದು ವರ್ಷ ಉರ್ದುವಿನಲ್ಲಿ ಓದಿದ ಮಕ್ಕಳು, ಮನೆಯಲ್ಲಿ ಕೆಲವರಿಗೆ ಮರಾಠಿ. ಕಾಣದ ಊರನ್ನು ಹೊಸ ಅಕ್ಷರದಲ್ಲಿ ಎಲ್ಲಿಂದ ತರಬೇಕು?

ಅದೇ ದಿನ ಬಿಡುವಿನಲ್ಲಿ ಹುತುತು ಆಡುತ್ತ ಜಗಳ ಬಿತ್ತು. ಒಬ್ಬ ಗೆರೆ ಮುಟ್ಟಿದನೋ ಇಲ್ಲವೋ. ಎಲ್ಲರೂ ಕೂಗುವವರೇ. ನನಗೆ ತಲೆನೋವು ಬಂದು, "ಬಾಯಿ ಮುಚ್ರಿ, ಯಾರು ಏನು ನೋಡಿದ್ರಿ ಬರದು ಕೊಡ್ರಿ" ಎಂದೆ. ಮಾವ, ಎರಡು ಸಾಲು ಬರೆಯಲಾರದ ಮಕ್ಕಳು ಎರಡು ಪುಟ ಬರೆದರು. ಮೆಹಕರದಿಂದ ಬಂದು ಇಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇರುವ ಚಂದ್ರಭಾಗಾ ಎಂಬ ಹುಡುಗಿ, ಆ ಹುಡುಗನ ಹೆಬ್ಬೆರಳಿನ ಗುರುತು ಗೆರೆಯ ಈಚೆಗೆ ಎಷ್ಟು ಬೆರಳು ಇತ್ತೆಂದು ಅಳೆದು ಬರೆದಿದ್ದಳು.

ಅಂದಿನಿಂದ ಪ್ರತಿ ಸೋಮವಾರ ಆಟದ ವರದಿ. ಮೂರೇ ಕಟ್ಟಳೆ. ಕಣ್ಣು ಕಂಡದ್ದನ್ನು ಬರೆಯಬೇಕು. ಕಿವಿ ಕೇಳಿದ್ದಾದರೆ ಯಾರು ಹೇಳಿದರೆಂದು ಅವರ ಹೆಸರು ಹಾಕಬೇಕು. ಎಲ್ಲಿ ನಿಂತು ನೋಡಿದೆನೆಂದು ಮೊದಲೇ ಹೇಳಬೇಕು. ಒಳ್ಳೆಯದನ್ನು ಗೋಡೆಗೆ ಹಚ್ಚುತ್ತೇವೆ. ಜನ ಓದುತ್ತಾರೆಂದು ಗೊತ್ತಾದ ಮೇಲೆ ಮಕ್ಕಳು ತಾವಾಗಿಯೇ ತಪ್ಪು ತಿದ್ದಿ ಎರಡು ಸಲ ಬರೆಯುತ್ತಿದ್ದಾರೆ.

ಮುಂದಿನ ತಿಂಗಳು ಔರಾದಿನಲ್ಲಿ ದೊಡ್ಡ ಕುಸ್ತಿ ಇದೆ, ಸೋಲು ಗೆಲುವು ಹೇಳುವ ಪಂಚರು ನೀವೇ ಎಂದು ಕೇಳಿದೆ. ಮಕ್ಕಳನ್ನು ಕರೆದುಕೊಂಡು ಬರಲೇ?

ನಿಮ್ಮ ಮಗಳಂಥ,
ಶಿವಕಾಂತಾ


ಭಾಲ್ಕಿ
೧೮ ಜುಲೈ ೧೯೫೭

ಶಿವಕಾಂತಾ,

ಹೆಬ್ಬೆರಳು ಅಳೆದ ಹುಡುಗಿಯ ಸುದ್ದಿ ಓದಿ ತಾಲೀಮಿನ ಹುಡುಗರಿಗೂ ಹೇಳಿದೆ. ಒಪ್ಪಿದೆನೆಂದು ತಿಳಿಯಬೇಡ.

ಹೌದು, ಆಗಸ್ಟ್ ಹನ್ನೊಂದು, ಭಾನುವಾರ, ತಹಸೀಲ ಕಚೇರಿ ಹಿಂದಿನ ಬಯಲು. ನಮ್ಮ ಜಿಲ್ಲೆಯಿಂದ ಒಬ್ಬ ಪೈಲ್ವಾನನನ್ನು ಈ ಸಲ ಮೈಸೂರಿನ ದಸರಾ ಕುಸ್ತಿಗೆ ಕಳಿಸುತ್ತಾರಂತೆ. ಹೊಸ ರಾಜ್ಯ, ಹೊಸ ಮನೆಗೆ ಮೊದಲ ಸಲ ಹೋದ ಹಾಗೆ. ಸೋಸಿ ಸೋಸಿ ಉಳಿದವರು ಇಬ್ಬರು. ಒಬ್ಬ ನನ್ನ ತಾಲೀಮಿನ ಪಂಢರಿ. ಇನ್ನೊಬ್ಬ ಕಮಲನಗರದ ಮುರ್ತುಜಾ, ಅಡತಿ ಅಂಗಡಿಯಲ್ಲಿ ಕಾಳಿನ ಚೀಲ ಹೊರುವವನು. ಅವನ ಉಸ್ತಾದ ಹೋದ ವರ್ಷ ತೀರಿಕೊಂಡ. ಪಂಢರಿ ನನ್ನ ಶಿಷ್ಯ, ಪಂಚ ಬೇರೆಯವರಿರಲಿ ಎಂದು ನಾನೇ ಹೇಳಿದೆ. ಮುರ್ತುಜಾನೇ ಬಂದು, "ನಿಮ್ಮ ಕೈ ಎತ್ತಿದ್ರ ಸಾಕ್ರಿ ಉಸ್ತಾದ, ನಂಗ ಬ್ಯಾರೆ ಪಂಚ ಬ್ಯಾಡ" ಎಂದ. ಇಪ್ಪತ್ತೆರಡು ವರ್ಷ ಈ ಕೈ ಎದ್ದು ಗೆಲುವಿನ ಹಲಗಿ-ತಮಟೆ ಬಾರಿಸಿದ ಮೇಲೆ ಯಾವನೂ ತಕರಾರು ಎತ್ತಿಲ್ಲ.

ಗಂಡುಹುಡುಗರು ಬರಲಿ, ಮಣ್ಣಿನ ಅಂಚಿಗೆ ಕೂರಲಿ. ಹೆಣ್ಣುಮಕ್ಕಳು ಅಖಾಡದ ಹತ್ತಿರ ಬರುವ ಪದ್ಧತಿ ಇಲ್ಲ. ನೀನೂ ಬರಬೇಡ, ನಿನ್ನ ಹೆಬ್ಬೆರಳಿನ ಹುಡುಗಿಯೂ ಬೇಡ. ಈ ಮಾತಿಗೆ ಎರಡು ಮಾತಿಲ್ಲ.

ನಿನ್ನ ಮಾವ,
ಹಾವಗೆಪ್ಪ


ಭಾಲ್ಕಿ
೧೭ ಆಗಸ್ಟ್ ೧೯೫೭

ಶಿವಕಾಂತಾ,

ಏನು ಮಾಡಿದೆ ನೀನು? ಏನು ಮಾಡಿದೆ?

ಇವತ್ತು ಬಸ್ ನಿಲ್ದಾಣದಲ್ಲಿ ಹತ್ತು ಜನರ ನಡುವೆ ಲಾಲ ಅಹ್ಮದ ನಿಮ್ಮ ಗೋಡೆಯ ಕಾಗದವನ್ನು ಬಾಯಿಪಾಠ ಹೇಳುತ್ತಿದ್ದ. ನನ್ನನ್ನು ಕಂಡು ನಡುವೆಯೇ ನಿಲ್ಲಿಸಿದ. ಅವನು ಎಂದೂ ಬಾಯಿ ನಿಲ್ಲಿಸಿದವನಲ್ಲ. ನಾನು ಹೇಳಿಸಿದೆ. ಪೂರ್ತಿ ಹೇಳಿಸಿದೆ.

ಮುರ್ತುಜಾ ಬಿದ್ದಿಲ್ಲವಂತೆ. ನಾನು ಸುಳ್ಳು ಕೈ ಎತ್ತಿದೆನಂತೆ. ನನ್ನ ಸ್ವಂತ ತಂಗಿಯ ಮಗಳ ಗೋಡೆಯ ಮೇಲೆ! ಮುಂದೆ ನಿಂತವರು ನನ್ನ ಮುಖ ನೋಡುತ್ತಿರಬೇಕು. ಶಿಷ್ಯನನ್ನು ಮೈಸೂರಿಗೆ ಕಳಿಸಲು ಉಸ್ತಾದ ಕಣ್ಣು ಮುಚ್ಚಿದ, ಇದೇ ಅವರ ಮನಸ್ಸಿನಲ್ಲಿ ಓಡಿತು, ಮತ್ತೇನು?

ಅಂಚಿನಲ್ಲಿ ಕೂತ ಹುಡುಗರೆಲ್ಲ ಪಂಢರಿ ಗೆದ್ದನೆಂದು ಬರೆದಿದ್ದಾರಂತೆ. ಅದನ್ನು ಬಿಟ್ಟು ಇದನ್ನು ಹಚ್ಚಿದೆಯಾ? ಹೆಬ್ಬೆರಳು ಅಳೆದ ಆ ಹನ್ನೆರಡು ವರ್ಷದ ಹುಡುಗಿಗೆ ಚಿತ್ ಎಂದರೆ ಏನೆಂದು ಗೊತ್ತೇನು? ಎರಡೂ ಹೆಗಲು ಮಣ್ಣಿಗೆ ತಾಗಬೇಕು, ಅದು ಚಿತ್. ಅದನ್ನು ನೋಡುವುದು ಪಂಚನ ಕೆಲಸ.

ಕಿತ್ತು ಹಾಕು. ಇಲ್ಲದಿದ್ದರೆ ನಾನೇ ಬಂದು ಕೀಳುತ್ತೇನೆ.

ಹಾವಗೆಪ್ಪ


ಔರಾದ
೨೦ ಆಗಸ್ಟ್ ೧೯೫೭

ಮಾವ,

ಶರಣು. ನಿಮ್ಮ ಸಿಟ್ಟು ತಲುಪಿತು. ಆದರೂ ಅಕ್ಷರ ದೊಡ್ಡದಾಗಿಯೇ ಬರೆಯುತ್ತೇನೆ.

ಬೇರೆಯವರ ಬಾಯಲ್ಲಿ ಕೇಳಿದಿರಿ. ಇದು ಅವಳ ಬರಹ, ಒಂದಕ್ಷರ ನಾನು ಮುಟ್ಟಿಲ್ಲ:

'ಭಾನುವಾರ ಮಧ್ಯಾಹ್ನ ಕಚೇರಿ ಹಿಂದೆ ಕುಸ್ತಿ ಆಯಿತು. ಹುಡುಗಿಯರನ್ನು ಕೆಳಗೆ ಬಿಡಲಿಲ್ಲ. ಅದಕ್ಕೆ ನಾನು ನಬೀಸಾಬರ ಎಣ್ಣೆ ಅಂಗಡಿಯ ಮಾಳಿಗೆ ಮೇಲೆ ನಿಂತು ನೋಡಿದೆ. ಅಲ್ಲಿಂದ ಮಣ್ಣು ತಾಟಿನ ಹಾಗೆ ಕಾಣುತ್ತದೆ. ಬಹಳ ಹೊತ್ತು ಯಾರೂ ಬೀಳಲಿಲ್ಲ. ಆಮೇಲೆ ಪಂಢರಿ ಮುರ್ತುಜಾನನ್ನು ತಿರುವಿ ಕೆಳಗೆ ಹಾಕಿದ. ಮುರ್ತುಜಾನ ಎಡ ಹೆಗಲು ಮಣ್ಣಿನ ಮೇಲೆ ಇತ್ತು. ಬಲ ಹೆಗಲಿನ ಕೆಳಗೆ ಪಂಢರಿಯ ತೋಳು ಇತ್ತು. ತೋಳಿನ ಕೆಳಗೆ ಮಣ್ಣು ಇತ್ತು. ಹೆಗಲು ಮಣ್ಣಿಗೆ ತಾಗಲಿಲ್ಲ. ಹಲಗಿ ಮೊದಲು ಬಾರಿಸಿತು. ಪಂಚರ ಕೈ ಆಮೇಲೆ ಎದ್ದಿತು. ಜನ ಕೂಗಿದರು. ಮುರ್ತುಜಾ ಎದ್ದು ಪಂಚರ ಕಾಲು ಮುಟ್ಟಿ ಹೋದ.'

ಅಂಚಿನಲ್ಲಿದ್ದ ಒಂಬತ್ತು ಹುಡುಗರ ವರದಿಯನ್ನೂ ಓದಿದೆ. ಪಂಢರಿಯ ಬೆನ್ನು ಅಡ್ಡ ಬಂದು ಅವರಿಗೆ ಹೆಗಲೇ ಕಂಡಿಲ್ಲ. ಒಬ್ಬೊಬ್ಬರನ್ನೇ ಕೇಳಿದೆ. "ಹಲಗಿ ಬಾರಿಸ್ತಲ್ರಿ ಅಕ್ಕೋರೆ, ಅದ್ಕ ಬಿದ್ದಾನಂತ ಬರದೆ" ಎಂದರು. ಕಂಡು ಬರೆದವಳು ಅವಳೊಬ್ಬಳೇ. ನೀವು ಮೇಲಕ್ಕೆ ಅಟ್ಟಿದಿರಿ, ಅದಕ್ಕೆ ಅವಳಿಗೆ ಕಂಡಿತು.

ಹೆಡ್ ಮಾಸ್ತರರು ಕೀಳಿಸು ಎಂದಿದ್ದಾರೆ. ಕಚೇರಿಯಿಂದ ಹೇಳಿಕೆ ಬಂದಿದೆಯಂತೆ. ಸೆಪ್ಟೆಂಬರ್ ಐದರವರೆಗೆ ಸಮಯ ಕೇಳಿದ್ದೇನೆ. ಕೀಳದಿದ್ದರೆ ನನ್ನನ್ನು ಎಲ್ಲಿಗೆ ವರ್ಗ ಮಾಡುತ್ತಾರೋ. ಚಂದ್ರಭಾಗಾಳ ಚಿಕ್ಕಮ್ಮ ಅವಳನ್ನು ಸಾಲಿ ಬಿಡಿಸುವ ಮಾತಾಡುತ್ತಿದ್ದಾಳೆ.

ನೀವು ಸುಳ್ಳು ಕೈ ಎತ್ತಿದಿರೆಂದು ಅವಳು ಬರೆದಿಲ್ಲ. ಓದಿ ನೋಡಿರಿ. ಹಲಗಿ ಮೊದಲು, ಕೈ ಆಮೇಲೆ ಎಂದಷ್ಟೇ ಬರೆದಿದ್ದಾಳೆ. ಪಂಚರ ಕೈ ಎದ್ದ ಮೇಲಲ್ಲವೇ ಹಲಗಿ ಬಾರಿಸುವುದು? ಹೋದ ವರ್ಷದಿಂದ ನಿಮ್ಮ ಅಕ್ಷರ ಬೆಳೆಯುತ್ತ ಬಂದಿವೆ. ಈಗ ಒಂದು ಪುಟಕ್ಕೆ ಆರೇ ಸಾಲು. ನನ್ನ ಅಕ್ಷರವೂ ಸಾಲದೆಂದಿರಿ.

ಒಂದೇ ಮಾತು ಕೇಳುತ್ತೇನೆ. ಎರಡೂ ಹೆಗಲು ಮಣ್ಣಿಗೆ ತಾಗಿದ್ದನ್ನು ನಿಮ್ಮ ಕಣ್ಣು ಕಂಡಿತೆಂದು ಬರೆಯಿರಿ. ಆ ಕ್ಷಣವೇ ನಾನೇ ಕಿತ್ತು ಹಾಕುತ್ತೇನೆ.

ಶಿವಕಾಂತಾ


ಭಾಲ್ಕಿ
೨೫ ಆಗಸ್ಟ್ ೧೯೫೭

ಕಂಡೆ. ಚಿತ್. ಕಿತ್ತು ಹಾಕು.

ಹಾವಗೆಪ್ಪ


ಭಾಲ್ಕಿ
೧ ಸೆಪ್ಟೆಂಬರ್ ೧೯೫೭

ಶಿವಕಾಂತಾ,

ಹೋದ ಕಾಗದ ತಲುಪಿತೋ? ತಲುಪಿದ್ದರೆ ಒಲೆಗೆ ಹಾಕು. ಗೋಡೆ ಮುಟ್ಟಬೇಡ.

ಇದನ್ನು ಬರೆಯಲು ಎರಡು ದಿನ ಹಿಡಿದಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಳದಲ್ಲಿ ಕೂತರೆ ಸಾಲು ಸ್ವಲ್ಪ ಕಾಣುತ್ತದೆ. ನೀನು ಕಂಡುಹಿಡಿದಿದ್ದೀ, ಇನ್ನು ಮುಚ್ಚಿ ಏನು. ಎರಡು ಕಣ್ಣಿಗೂ ಪೊರೆ ಬಂದಿದೆ. ಮನುಷ್ಯರು ಮಂಜಿನಲ್ಲಿ ನಿಂತ ಹಾಗೆ ಕಾಣುತ್ತಾರೆ. ದನಿಯ ಮೇಲೆ ಗುರುತು ಹಿಡಿಯುತ್ತೇನೆ. ಮೂರು ವರ್ಷ ಆಯಿತು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಕಂಡೆ ಎಂದು ನಿನಗೆ ಬರೆದು ಹಾಕಿದ ಮೇಲೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ತಾಲೀಮಿಗೆ ಹೋಗಿ ಪಂಢರಿಯನ್ನು ಕೇಳಿದೆ.

"ಅವತ್ತು ಮುರ್ತುಜಾನ ಹೆಗಲಿನ ಕೆಳಗ ಏನಿತ್ತು?"

ಅವನು ಮಣ್ಣು ಹದ ಮಾಡುತ್ತಿದ್ದ. ಸಲಿಕೆಯ ಸದ್ದು ನಿಂತಿತು.

"ನನ್ನ ತೋಳ್ರಿ."

"ಯಾವಾಗ ಗೊತ್ತಾತು?"

"ಅವಾಗೇ ರಿ. ನನ್ನ ತೋಳು ನಂಗ ಗೊತ್ತಾಗಲ್ಲೇನ್ರಿ?"

"ಮತ್ತ ಯಾಕ ಬಾಯಿ ಬಿಡ್ಲಿಲ್ಲ, ಕತ್ತೆ?"

"ನೀವು ಕೈ ಎತ್ತಿದ್ರಿ ಉಸ್ತಾದ. ನಿಮ್ಮ ಕೈ ಎತ್ತಿದ ಮ್ಯಾಲ ನಾ ಇಲ್ಲ ಅಂದ್ರ, ಜನ ನಿಮಗ ಏನಂತಿದ್ರು?"

ಹೊಡೆಯಲು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಅದೇ ಕೈ, ಶಿವಕಾಂತಾ. ಅದನ್ನು ಇಳಿಸುವುದು ಹೇಗೆಂದು ತಿಳಿಯಲಿಲ್ಲ.

ಅಲ್ಲಿಂದ ಹಲಗಿಯ ಮಾಣಿಕನ ಮನೆಗೆ ಹೋದೆ. ಇಪ್ಪತ್ತು ವರ್ಷದಿಂದ ನನ್ನ ಕುಸ್ತಿಗಳಿಗೆ ಅವನದೇ ಹಲಗಿ. ಪಂಚನ ಕೈ ಎದ್ದ ಮೇಲೆ ಹಲಗಿ ಬಾರಿಸಬೇಕು, ಇದು ಪದ್ಧತಿ. ನಾನು ಏನು ಮಾಡುತ್ತಿದ್ದೆ ಎಂದು ಈಗ ಹೇಳುತ್ತೇನೆ. ಮೈ ಬಿದ್ದ ಸದ್ದು ಕೇಳುತ್ತಿದ್ದೆ, ಉಸಿರು ಕೇಳುತ್ತಿದ್ದೆ, ಜನರ ಗದ್ದಲ ಕೇಳುತ್ತಿದ್ದೆ. ಹಲಗಿ ಬಾರಿಸಿದ ತಕ್ಷಣ ಕೈ ಎತ್ತುತ್ತಿದ್ದೆ. ಮಾಣಿಕ ಹುರುಪಿನಲ್ಲಿ ಸ್ವಲ್ಪ ಮೊದಲೇ ಬಾರಿಸುತ್ತಾನೆ, ನನ್ನ ಪುಣ್ಯ ಎಂದುಕೊಂಡಿದ್ದೆ. ಅವನ ಅವಸರದ ಮರೆಯಲ್ಲಿ ನಾನು ಮೂರು ವರ್ಷ ದಾಟಿದೆ.

"ಮಾಣಿಕ, ನೀ ಯಾಕ ಮೊದಲೇ ಬಾರಿಸ್ತಿ?" ಎಂದು ಕೇಳಿದೆ.

ಅವನ ಬೆರಳು ಹಲಗಿಯ ತೊಗಲಿನ ಮೇಲೆ ಆಡುವ ಸದ್ದು ಕೇಳಿತು. ಅವನ ಹೆಂಡತಿ ಶಾಲುಬಾಯಿ ಒಳಗಿನಿಂದ, "ಹೇಳಿ ಬಿಡ್ರಿ, ಇನ್ನೆಷ್ಟು ದಿನ" ಎಂದಳು.

ಅವನು ಹೇಳಿದ: "ಮೂರು ವರ್ಷದ ಹಿಂದ ಖಟಕ ಚಿಂಚೋಳ್ಯಾಗ ಒಬ್ಬ ಚಿತ್ ಬಿದ್ರೂ ನೀವು ಕೈ ಎತ್ಲಿಲ್ರಿ. ಮಣ್ಣು ಬಿಟ್ಟು ಬ್ಯಾರೆ ಕಡಿ ನೋಡ್ಲತ್ತಿದ್ರಿ. ಜನಕ್ಕ ಗೊತ್ತಾದ್ರ ನಿಮ್ಮನ್ನ ಎಬ್ಬಿಸಿ ಬಿಡ್ತಾರಂತ, ನಾನೇ ಬಾರಿಸಿಬಿಟ್ಟೆ. ನೀವು ಕೈ ಎತ್ತಿದ್ರಿ. ಅವತ್ತಿನಿಂದ ನಾ ನೋಡ್ತೇನಿ, ಬಾರಿಸ್ತೇನಿ, ನೀವು ಎತ್ತತೀರಿ. ಔರಾದದಾಗ ನಾ ನಿಂತ ಕಡಿಯಿಂದ ತೋಳು ಕಾಣ್ಲಿಲ್ರಿ. ತಪ್ಪು ನಂದು."

ನಾನು ಊರಿಗೆಲ್ಲ ಮೋಸ ಮಾಡುತ್ತಿದ್ದೇನೆಂದು ತಿಳಿದಿದ್ದೆ. ನೋಡಿದರೆ ಮೂರು ವರ್ಷ ಪಂಚನಾಗಿದ್ದವನು ಮಾಣಿಕ. ನಾನು ಅವನ ಹಲಗಿಗೆ ಎದ್ದು ಇಳಿಯುವ ಒಂದು ಕೋಲು. ಅಖಾಡದಲ್ಲಿ ಅವನಿಗೆ ಕೂರಲು ಒಂದು ಚಾಪೆಯನ್ನೂ ನಾವು ಕೊಟ್ಟವರಲ್ಲ.

ಇಷ್ಟು ಜನ ಕಂಡರು. ಯಾರೂ ಬಾಯಿ ಬಿಡಲಿಲ್ಲ, ನನ್ನ ಮೇಲಿನ ಮರ್ಯಾದೆಗೆ. ಆ ಮಾಳಿಗೆಯ ಮೇಲಿನ ಹುಡುಗಿಗೆ ನಾನು ಯಾರೆಂದು ಗೊತ್ತಿರಲಿಲ್ಲ, ಅಷ್ಟೇ.

ಈ ಕಾಗದವನ್ನು ನಿನ್ನ ಹೆಡ್ ಮಾಸ್ತರನಿಗೆ ತೋರಿಸು. ಅಕ್ಷರ ತಿಳಿಯದಿದ್ದರೆ ನಾನೇ ಬಂದು ಅವನ ಕಿವಿಗೆ ಓದುತ್ತೇನೆ ಎಂದು ಹೇಳು.

ಮಾವ


ಔರಾದ
೬ ಸೆಪ್ಟೆಂಬರ್ ೧೯೫೭

ಮಾವ,

ನಿಮ್ಮ ಎರಡೂ ಕಾಗದ ಒಟ್ಟಿಗೇ ಬಂದವು; ದೊಡ್ಡದನ್ನು ಹೊಸ್ತಿಲ ಮೇಲೆ ನಿಂತೇ ಓದಿ ಚಿಕ್ಕದನ್ನು ಒಲೆಗೆ ಹಾಕಿದೆ. ಅವ್ವ ಕೈಯಲ್ಲಿದ್ದ ತಂಬಿಗೆ ಬಿಟ್ಟಳು. "ನಮ್ಮಣ್ಣಗ ಕಣ್ಣು ಕಾಣಲ್ಲೇನು? ಹೋದ ತಿಂಗಳು ಬಂದಾಗ ನನ್ನ ಸೀರಿ ಬಣ್ಣ ಛಲೋ ಅದ ಅಂದಿದ್ದ" ಎಂದು ಅತ್ತಳು. ನೀವು ಬಣ್ಣ ಯಾವುದೆಂದು ಹೇಳಿರಲಿಲ್ಲ. ನಮಗೆ ಆಗ ಹೊಳೆಯಲಿಲ್ಲ.

ಹೆಡ್ ಮಾಸ್ತರರು ಎರಡು ಸಲ ಓದಿದರು. "ಈ ಕಾಗದ ನನ್ನ ಬಳಿ ಇರಲಿ" ಎಂದು ಮೇಜಿನೊಳಗಿಟ್ಟರು. ಕೀಳು ಎನ್ನಲಿಲ್ಲ, ಇರಲಿ ಎಂದೂ ಎನ್ನಲಿಲ್ಲ. ಕೇಳದೆ ಹಚ್ಚಿದ್ದಕ್ಕೆ ದಸರೆಯವರೆಗೆ ನನಗೆ ಭಾನುವಾರವೂ ರಜೆ ಇಲ್ಲ. ಚಂದ್ರಭಾಗಾಳ ಚಿಕ್ಕಮ್ಮನಿಗೆ ನಿಮ್ಮ ಕಾಗದದಲ್ಲಿದ್ದದ್ದನ್ನು ಹೇಳಿದೆ. ಅವಳು ಹುಡುಗಿಯ ಕಡೆ ನೋಡಿ, "ನಾಳಿ ಸಾಲಿಗಿ ಹೋಗು" ಎಂದಷ್ಟೇ ಅಂದಳು.

ಆದರೆ ಮಾವ, ಇದೆಲ್ಲ ನನಗೆ ಬರೆದಿರಿ. ಬಿದ್ದವನೆಂದು ಹೇಳಿಸಿಕೊಂಡು ಚೀಲ ಹೊರುತ್ತಿರುವವನು ನಾನಲ್ಲ. ಅವನಿಗೆ ಯಾರು ಹೇಳಿದ್ದಾರೆ?

ಶಿವಕಾಂತಾ


ಭಾಲ್ಕಿ
೧೩ ಸೆಪ್ಟೆಂಬರ್ ೧೯೫೭

ಶಿವಕಾಂತಾ,

ಚೂಪು ಬಾಯಿಯವಳೇ, ನಿನ್ನ ಕಾಗದ ಬಂದ ಮರುದಿನವೇ ರೈಲು ಹತ್ತಿ ಕಮಲನಗರಕ್ಕೆ ಹೋದೆ. ಕೈ ಹಿಡಿದು ಕರೆದೊಯ್ದವನು ಮಾಣಿಕ. ಮೊದಲ ಸಲ ಹತ್ತು ಜನರ ಮುಂದೆ ಕೈ ಹಿಡಿಸಿಕೊಂಡೆ.

ಮುರ್ತುಜಾ ಅಡತಿಯಲ್ಲಿ ಜೋಳದ ಚೀಲ ಇಳಿಸುತ್ತಿದ್ದ. ನನ್ನನ್ನು ಕಂಡು ಓಡಿ ಬಂದು ಕಾಲು ಮುಟ್ಟಿದ. ನಾನು ಪೀಠಿಕೆ ಹಾಕುವವನಲ್ಲ. "ಮುರ್ತುಜಾ, ನೀ ಬಿದ್ದಿಲ್ಲ. ನಂಗ ಕಣ್ಣು ಕಾಣಲ್ಲ. ಹಲಗಿ ಕೇಳಿ ಕೈ ಎತ್ತಿದೆ" ಎಂದೆ.

ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಆಗಬೇಕಿತ್ತು. ಅವನು ಅಲ್ಲೇ ಚೀಲದ ಮೇಲೆ ಕುಸಿದು ಕೂತ. ಏನು ಹೇಳಿದ ಗೊತ್ತೇನು?

"ನನ್ನ ಹೆಗಲಿಗಿ ಮಣ್ಣು ತಾಗಿಲ್ಲಂತ ನಂಗ ಗೊತ್ತಿತ್ರಿ ಉಸ್ತಾದ. ಖರೆ ಗೊತ್ತಿತ್ತು. ಆದ್ರ ನಿಮ್ಮ ಕೈ ಎದ್ದಿತ್ತು. ಮನಿಗಿ ಬಂದು ಅಮ್ಮಿಗಿ ಬಿದ್ದೇನಿ ಅಂದೆ. ಒಂದು ತಿಂಗಳು ಆತು, ನನ್ನ ಹೆಗಲೇ ನಂಗ ಸುಳ್ಳು ಹೇಳ್ತು ಅಂದ್ಕೊಂಡು ತಿರಗ್ಲತ್ತೇನಿ."

ಮಗಳೇ, ಮೈ ಮುರಿದವರನ್ನು ಕಂಡಿದ್ದೇನೆ, ಕಿವಿ ಹರಿದವರನ್ನು ಕಂಡಿದ್ದೇನೆ. ತನ್ನ ಮೈಯನ್ನೇ ತಾನು ನಂಬದಂತೆ ಒಬ್ಬ ಪೈಲ್ವಾನನನ್ನು ನಾನು ಮಾಡಿದೆ. ಮಾಣಿಕ ನನ್ನನ್ನು ಹಿಡಿದು ಕೂರಿಸಿದ.

ಬೀದರಿಗೆ ಹೋಗಿ ಜಿಲ್ಲಾ ಕಚೇರಿಯ ಸಾಹೇಬರ ಮುಂದೆ ನಿಂತೆ. ಹೆಸರು ಮೈಸೂರಿಗೆ ಹೋಗಿಯಾಗಿದೆ, ಬದಲಿಸಲು ಆಗುವುದಿಲ್ಲ ಎಂದ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಎರಡನೆಯ ದಿನ ಪಂಢರಿ ತಾನಾಗಿಯೇ ಬಂದು, "ಮತ್ತೊಮ್ಮೆ ಕುಸ್ತಿ ಹಿಡೀಲಾರದೇ ನಾ ಮೈಸೂರಿಗಿ ಹೋಗಾವಲ್ಲ" ಎಂದು ಹೇಳಿದ ಮೇಲೆ ಸಾಹೇಬ ತಲೆ ಹಿಡಿದುಕೊಂಡು ಒಪ್ಪಿದ. ಸೆಪ್ಟೆಂಬರ್ ಇಪ್ಪತ್ತೆರಡು, ಭಾನುವಾರ, ಬೀದರಿನಲ್ಲಿ ಎರಡನೆಯ ಕುಸ್ತಿ. ಪಂಚ ಬೀದರಿನ ಬದ್ರೋದ್ದೀನ ಉಸ್ತಾದ.

ನಿನಗೆ ರಜೆ ಇಲ್ಲ, ಇರಲಿ. ಎಣ್ಣೆ ಅಂಗಡಿಯ ನಬೀಸಾಬನೂ ಅವನ ಹೆಂಡತಿಯೂ ಬರುವವರಿದ್ದಾರಂತೆ. ಅವರ ಜೊತೆ ಆ ಹುಡುಗಿಯನ್ನು ಕಳಿಸು. ಅವಳ ಚಿಕ್ಕಮ್ಮನಿಗೆ ಹಾವಗೆಪ್ಪ ಬೇಡಿಕೊಂಡಿದ್ದಾನೆಂದು ಹೇಳು. ಬೇಡಿಕೊಂಡಿದ್ದಾನೆ ಎಂದೇ ಹೇಳು.

ಮಾವ


ಬೀದರ
೨೩ ಸೆಪ್ಟೆಂಬರ್ ೧೯೫೭

ಶಿವಕಾಂತಾ,

ದವಾಖಾನೆಯ ಅಂಗಳದಲ್ಲಿ ಬಿಸಿಲಿಗೆ ಕೂತು ಬರೆಯುತ್ತಿದ್ದೇನೆ. ನಾಳೆ ಒಂದು ಕಣ್ಣಿಗೆ ಕತ್ತರಿ. ಡಾಕ್ಟರ ಗ್ಯಾರಂಟಿ ಕೊಡುವುದಿಲ್ಲ ಎಂದ. ನಿನ್ನನ್ನು ಕೇಳಿದವರು ಯಾರು ಎಂದೆ.

ನಿನ್ನೆಯದನ್ನು ಹೇಳುತ್ತೇನೆ.

ಜೋಡಿ ಮಣ್ಣಿಗೆ ಇಳಿಯುವ ಮೊದಲು ನಾನು ಎದ್ದು ನಿಂತೆ. ಮಾತು ಉದ್ದ ಮಾಡಲಿಲ್ಲ. "ಔರಾದದಾಗ ಮುರ್ತುಜಾ ಬಿದ್ದಿರ್ಲಿಲ್ಲ. ಮೂರು ವರ್ಷ ಆತು, ನಂಗ ಕಣ್ಣು ಕಾಣಲ್ಲ. ಹಲಗಿ ಕೇಳಿ ಕೈ ಎತ್ತಿದೆ. ಮಾಣಿಕಂದು ತಪ್ಪಿಲ್ಲ, ಪಂಢರಿದು ತಪ್ಪಿಲ್ಲ. ಇನ್ನ ಮ್ಯಾಲ ಈ ಕೈ ಎತ್ತಲ್ಲ" ಎಂದೆ.

ಆಮೇಲೆ ಹಿಂದಿನಿಂದ ಯಾವನೋ ಕೂಗಿದ: "ಹೋದ ವರ್ಷ ನಂಗೂ ಬಿದ್ದಿ ಅಂದಿದ್ರಿ ಉಸ್ತಾದ. ನಂದು ಹ್ಯಾಂಗ?"

"ಗೊತ್ತಿಲ್ಲಪ್ಪ, ನಾ ಕಂಡಿಲ್ಲ" ಎಂದೆ. ಇನ್ನು ಎಷ್ಟು ಜನರ ಬಾಯಲ್ಲಿ ಆ ಪ್ರಶ್ನೆ ಇದೆಯೋ.

ಕೂರುವಾಗ ಚಂದ್ರಭಾಗಾಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಈ ಬದಿಗೆ ಮಾಣಿಕ, ಅವನಿಗೂ ಚಾಪೆ. ಒಬ್ಬ ಬಂದು, "ಹೆಣ್ಣುಹುಡುಗಿಗಿ ಇಲ್ಲಿ ಪದ್ಧತಿ ಇಲ್ರಿ ಉಸ್ತಾದ" ಎಂದ. "ನನ್ನ ಕಣ್ಣು ಇದು. ಕಣ್ಣು ಹೊರಗಿಟ್ಟು ನಾ ಒಳಗ ಕೂಡ್ಲೇನು?" ಎಂದೆ. ಪದ್ಧತಿ ಎಂದು ನಿನಗೆ ಬರೆದವನೂ ನಾನೇ. ಅದನ್ನು ನೆನಪಿಸಬೇಡ.

ಕುಸ್ತಿ ಶುರುವಾಯಿತು. ಹುಡುಗಿ ಅಜ್ಜನಿಗೆ ಹೇಳುವ ಹಾಗೆ ನನ್ನ ಕಿವಿಗೆ ಬಾಯಿಟ್ಟು ಹೇಳುತ್ತ ಹೋದಳು. "ಮುತ್ಯಾ, ಇಬ್ಬರೂ ಕೈ ಕೊಟ್ರು. ಮುತ್ಯಾ, ಮುರ್ತುಜಾ ಕಾಕಾ ಕಾಲಿಗಿ ಹೋದ್ರು. ಸಿಗ್ಲಿಲ್ಲ. ಪಂಢರಿ ಕಾಕಾ ಹಿಂದ ಬಂದ್ರು. ಬಿಡಸ್ಕೊಂಡ್ರು." ಅವಳ ದನಿ ಮುರ್ತುಜಾನ ಕಡೆಗಿತ್ತು. ನನ್ನ ಮನಸ್ಸೂ ಅಲ್ಲೇ ಇತ್ತು, ಪಂಢರಿ ನನ್ನ ಕೈಯಲ್ಲಿ ಬೆಳೆದವನಾದರೂ. ಅವನು ಗೆಲ್ಲಲಿ, ನನ್ನ ತಪ್ಪು ತೊಳೆದು ಹೋಗಲಿ ಎಂಬ ಆಸೆ.

ಒಮ್ಮೆಲೇ ಮೈ ಬಿದ್ದ ಸದ್ದು. ಹುಡುಗಿ ನನ್ನ ತೋಳು ಹಿಡಿದುಕೊಂಡಳು.

"ಏನಾತು?"

ಮಾತಿಲ್ಲ.

"ಹೇಳು ಹುಡುಗಿ. ಎಷ್ಟು ಹೆಗಲು?"

"ಎರಡೂ, ಮುತ್ಯಾ." ದನಿ ಅಳುತ್ತಿತ್ತು.

"ಯಾರ್ದು?"

"ಮುರ್ತುಜಾ ಕಾಕಾಂದು."

"ನಡಕ ತೋಳು ಅದ ಏನು? ಛಂದ ನೋಡು."

"ಇಲ್ಲ ಮುತ್ಯಾ. ಖಾಲಿ ಮಣ್ಣೇ ಅದ."

ಪಕ್ಕದಲ್ಲಿ ಮಾಣಿಕನ ಉಸಿರು ಕೇಳುತ್ತಿತ್ತು. ಹಲಗಿಯ ಕಡ್ಡಿ ಹಿಡಿದ ಅವನ ಕೈ ನನ್ನ ಮೊಣಕೈಗೆ ತಾಗಿತ್ತು, ಅಲುಗಲಿಲ್ಲ. "ಬದ್ರೋದ್ದೀನ ಮುತ್ಯಾ ಬಗ್ಗಿ ನೋಡ್ಲತ್ತಾರ... ಇನ್ನೂ ನೋಡ್ಲತ್ತಾರ... ಕೈ ಎತ್ತಿದ್ರು" ಎಂದಳು. ಆಗ ಹಲಗಿ ಬಾರಿಸಿತು.

ಪಂಢರಿಯ ತಲೆಗೆ ಗೆಲುವಿನ ಪಟಕಾ ಸುತ್ತಿದರು. ಅವನೇ ಮೈಸೂರಿಗೆ ಹೋಗುತ್ತಾನೆ. ಮುರ್ತುಜಾ ಮೈಯ ಮಣ್ಣನ್ನೂ ಒರೆಸಿಕೊಳ್ಳದೆ ಸೀದಾ ನನ್ನ ಹತ್ತಿರ ಬಂದ. ನಾನು ಕ್ಷಮಿಸು ಎನ್ನುವಷ್ಟರಲ್ಲಿ ನನ್ನ ಕೈ ಹಿಡಿದು ತನ್ನ ಬಲ ಹೆಗಲಿನ ಮೇಲೆ ಇಟ್ಟುಕೊಂಡ. ಹಸಿ ಮಣ್ಣು ಕೈಗೆ ಹತ್ತಿತು.

"ಇವತ್ತು ಬಿದ್ದೇನಿ ಉಸ್ತಾದ. ಅವತ್ತು ಬಿದ್ದಿರ್ಲಿಲ್ಲ. ಎರಡೂ ಬರಸ್ರಿ" ಎಂದ. ದನಿಯಲ್ಲಿ ನಗು ಇತ್ತು. ಬಿದ್ದವನ ದನಿಯಲ್ಲಿ ಅಂಥ ನಗು ನಾನು ಎಂದೂ ಕೇಳಿಲ್ಲ.

ಚಂದ್ರಭಾಗಾ ತನ್ನದನ್ನು ಬರೆದು ತರುತ್ತಿದ್ದಾಳೆ, ಗೋಡೆಗೆ ಹಚ್ಚು. ಹಳೆಯದನ್ನು ಕೀಳಬೇಡ, ಅದರ ಪಕ್ಕದಲ್ಲೇ ಹಚ್ಚು. ಅದರ ಕೆಳಗೆ ಜಾಗ ಉಳಿದರೆ ಇದನ್ನೂ ಹಚ್ಚು. ನಿನ್ನ ಮೂರು ಕಟ್ಟಳೆಯ ಪ್ರಕಾರ ಬರೆದಿದ್ದೇನೆ. ತಪ್ಪಿದ್ದರೆ ಕಿವಿ ಹಿಂಡಲು ನಾನು ನಿನ್ನ ಹುಡುಗನಲ್ಲ, ತಿದ್ದಿ ಹಚ್ಚು.

ನಿನ್ನ ಮಾವ,
ಹಾವಗೆಪ್ಪ

'ಭಾನುವಾರ ಬೀದರಿನಲ್ಲಿ ಕುಸ್ತಿ ಆಯಿತು. ನಾನು ಮಣ್ಣಿನ ಅಂಚಿನಲ್ಲಿ ಚಾಪೆಯ ಮೇಲೆ ಕೂತಿದ್ದೆ. ಕಣ್ಣು ಏನನ್ನೂ ಕಾಣಲಿಲ್ಲ. ಮುರ್ತುಜಾನ ಎರಡೂ ಹೆಗಲು ಮಣ್ಣಿಗೆ ತಾಗಿದವೆಂದು ಔರಾದ ಸಾಲಿಯ ಏಳನೆಯ ತರಗತಿಯ ಚಂದ್ರಭಾಗಾ ಹೇಳಿದಳು. ಪಂಚರ ಕೈ ಎದ್ದಿತೆಂದೂ ಅವಳೇ ಹೇಳಿದಳು. ಹಲಗಿ ಆಮೇಲೆ ಬಾರಿಸಿತು. ಅದನ್ನು ನಾನೇ ಕೇಳಿದೆ.'